ವೈಟ್ನರ್ ಹಚ್ಚಿದ ಆಕಾಶ

ನಮ್ಮ ಕಾಲೇಜಿನ ಭೌತಶಾಸ್ತ್ರದ ಉಡುಪರು ಈಚೆಗೆ ನನ್ನ ಮೇಜಿನ ಹತ್ತಿರ ಹಾದುಹೋಗುವಾಗಲೆಲ್ಲ ಒಂದು ಗಳಿಗೆ ನಿಂತು, “ಮೇಡಂ, ಒಂಚೂರು ವೈಟ್ನರ್ ಇತ್ತಾ?” ಎಂದು ಕೇಳುತ್ತಾರೆ. ಅವರಿಗೆ ವೈಟ್ನರ್ ಬೇಕಿರುವುದಿಲ್ಲ. ಕೇಳಿ, ಮೀಸೆಯಡಿಯಲ್ಲಿ ನಕ್ಕು, ಲ್ಯಾಬಿನ ಕಡೆಗೆ ಹೊರಟುಬಿಡುತ್ತಾರೆ. ಇತಿಹಾಸ ಪಾಠ ಮಾಡುವವರು ಅಪರೂಪಕ್ಕೆ ಒಬ್ಬ ರಾಜನ ಇಸವಿ ತಪ್ಪು ಹೇಳುವುದುಂಟು, ಒಂದು ಯುದ್ಧವನ್ನು ಹತ್ತು ವರ್ಷ ಹಿಂದೆ ಮುಂದೆ ಮಾಡುವುದುಂಟು. ಆದರೆ ಇಡೀ ಆಕಾಶದ ಮೂಡು ದಿಕ್ಕನ್ನು ಪಡುವಿಗೆ, ಪಡುವನ್ನು ಮೂಡಿಗೆ ಎತ್ತಿ ಹಾಕಿ, ಅದನ್ನು ನಲವತ್ತು ಪ್ರತಿ ಜೆರಾಕ್ಸ್ ಮಾಡಿಸಿ ಹಂಚಿದವರು ಬ್ರಹ್ಮಾವರದಿಂದ ಬೈಂದೂರಿನವರೆಗೆ ಹುಡುಕಿದರೂ ನಾನೊಬ್ಬಳೇ ಸಿಗುವುದು.

ತಪ್ಪು ಪೂರ್ತಿ ನನ್ನದೇ ಅಲ್ಲ ಎಂದು ಮೊದಲಿಗೇ ಹೇಳಿಬಿಡುತ್ತೇನೆ. ಆಮೇಲೆ ನೀವೇ ತೀರ್ಮಾನ ಮಾಡಿ. ಈಗ ಕಲಾ ವಿಭಾಗದ, ವಾಣಿಜ್ಯ ವಿಭಾಗದ ಮಕ್ಕಳು ತಮ್ಮದಲ್ಲದ ಒಂದು ವಿಷಯವನ್ನೂ ಓದಬೇಕು ಎಂಬ ಪದ್ಧತಿ ಬಂದಿದೆ. ಹಾಗೆ ನಮ್ಮಲ್ಲಿಗೆ ಬಂದ ವಿಷಯದ ಹೆಸರು ‘ಖಗೋಳ ವಿಜ್ಞಾನ ಪರಿಚಯ, ವಿಜ್ಞಾನೇತರ ವಿದ್ಯಾರ್ಥಿಗಳಿಗೆ’. ಉಡುಪರ ವೇಳಾಪಟ್ಟಿಯಲ್ಲಿ ಚಹಾ ಕುಡಿಯಲೂ ಜಾಗವಿರಲಿಲ್ಲ. ನನ್ನದರಲ್ಲಿ ಎರಡು ಚೌಕ ಖಾಲಿ ಇದ್ದವು. ಪ್ರಾಂಶುಪಾಲರ ಕಣ್ಣಿಗೆ ಖಾಲಿ ಚೌಕ ಬಿದ್ದರೆ ಮುಗಿಯಿತು. ನನ್ನನ್ನು ಕರೆಸಿದರು. ನಾನು ಹೈಸ್ಕೂಲಿಗೇ ವಿಜ್ಞಾನ ಬಿಟ್ಟವಳು, ಬಿಟ್ಟ ದಿನ ಮನೆಯಲ್ಲಿ ಪಾಯಸ ಮಾಡಿಸಿ ಉಂಡವಳು ಎಂದೆಲ್ಲ ಹೇಳಿಕೊಂಡೆ. ಅವರು ಸಮಾಧಾನದಿಂದ ಕೇಳಿ, “ಇತಿಹಾಸ ಅಂದ್ರೆ ಹಳೇದಲ್ದಾ? ನಕ್ಷತ್ರಕ್ಕಿಂತ ಹಳೇದ್ ಎಂತ ಇತ್ತ್ ಮೇಡಂ?” ಎಂದರು. ನಾನು ಪಠ್ಯಪುಸ್ತಕ ಎತ್ತಿಕೊಂಡು ಹೊರಗೆ ಬಂದೆ.

ಆದರೆ ಓದಲು ಕುಳಿತ ಮೇಲೆ ಪ್ರಾಂಶುಪಾಲರು ತಮಗೇ ಗೊತ್ತಿಲ್ಲದೆ ನಿಜ ಹೇಳಿದ್ದಾರೆ ಅನ್ನಿಸಿತು. ನಾವು ಕಾಣುವ ನಕ್ಷತ್ರದ ಬೆಳಕು ಅಲ್ಲಿಂದ ಹೊರಟು ಎಷ್ಟೋ ವರ್ಷವಾಗಿರುತ್ತದೆ. ಅಂದರೆ ನೋಡುತ್ತಿರುವುದು ಈಗಿನ ನಕ್ಷತ್ರವನ್ನಲ್ಲ, ಅದರ ಹಳೆಯ ಕಾಲವನ್ನು. ಒಂದರದ್ದು ನಮ್ಮ ಅಜ್ಜಿಯ ಕಾಲ, ಇನ್ನೊಂದರದ್ದು ವಿಜಯನಗರದ ಕಾಲ, ಮತ್ತೊಂದರದ್ದು ಅದಕ್ಕೂ ಹಿಂದಿನದು, ಎಲ್ಲ ಒಂದೇ ಸಲ ಕಣ್ಣೆದುರು. ಇಪ್ಪತ್ತೈದು ವರ್ಷ ಕಲ್ಲಿನ ಶಾಸನದ ಸವೆದ ಅಕ್ಷರಗಳಿಗೆ ಭೂತಗನ್ನಡಿ ಹಿಡಿದವಳಿಗೆ ಇದೆಂಥ ಸುಖ! ನಾನು ಒಂದು ಪಾಠ ಮುಂದೆ ಓದಿಕೊಂಡು, ಮಕ್ಕಳಿಗಿಂತ ಒಂದೇ ಹೆಜ್ಜೆ ಮುಂದೆ ಇದ್ದುಕೊಂಡು, ಭಾರೀ ಧೈರ್ಯದಿಂದ ಪಾಠ ಶುರು ಮಾಡಿದೆ. ಅಕ್ಕಪಕ್ಕದ ಮನೆಯವರು ಮಾತ್ರ ನಾನು ಜ್ಯೋತಿಷ್ಯ ಕಲಿತೆ ಎಂದುಕೊಂಡು, ಮಗಳ ಜಾತಕ ಹಿಡಿದುಕೊಂಡು ಬರತೊಡಗಿದರು. ಬಂದವರಿಗೆ ಶನಿ ಗ್ರಹದ ಉಂಗುರದ ಚಿತ್ರ ತೋರಿಸಿ ಕಳಿಸಿದೆ.

ಮೊದಲ ದಿನ ಹಾಜರಿ ತೆಗೆದುಕೊಂಡಾಗಲೇ ನಗು ಬಂತು. ಅಶ್ವಿನಿ, ಕೃತ್ತಿಕಾ, ರೋಹಿಣಿ, ಚಿತ್ರಾ, ಸ್ವಾತಿ, ರೇವತಿ: ಅರ್ಧ ಆಕಾಶ ಬೆಂಚಿನ ಮೇಲೆ ಕುಳಿತಿತ್ತು. ಒಬ್ಬಳೂ ತನ್ನ ಹೆಸರಿನ ನಕ್ಷತ್ರವನ್ನು ನೋಡಿರಲಿಲ್ಲ. ಅಮಾಸೆಬೈಲಿನ ಸ್ವಾತಿಗೆ ಮಳೆಗಳ ಹೆಸರು ಬಾಯಿಪಾಠ ಬರುತ್ತಿತ್ತು, ಮೃಗಶಿರಾ, ಆರ್ದ್ರಾ, ಪುನರ್ವಸು, ಪುಷ್ಯ ಎಂದು ಒಂದೇ ಉಸಿರಿನಲ್ಲಿ ಹೇಳಿದಳು. ಆದರೆ ಅವು ನಕ್ಷತ್ರದ ಹೆಸರುಗಳು ಎಂದಾಗ ಬಾಯಿ ತೆರೆದಳು. ಆರ್ದ್ರಾ ಮಳೆ ಸುರಿಯುವ ದಿನಗಳಲ್ಲಿ ಸೂರ್ಯ ಆರ್ದ್ರಾ ನಕ್ಷತ್ರದ ನೇರಕ್ಕೇ ಇರುತ್ತಾನೆ, ಹಾಗಾಗಿ ಆ ನಕ್ಷತ್ರ ಹಗಲಿನಲ್ಲಿ ಮೂಡಿ ಹಗಲಿನಲ್ಲೇ ಮುಳುಗುತ್ತದೆ, ತನ್ನ ಹೆಸರಿನ ಮಳೆಯಲ್ಲಿ ಅದು ಯಾರಿಗೂ ಕಾಣುವುದೇ ಇಲ್ಲ ಎಂದು ಬೋರ್ಡಿನ ಮೇಲೆ ಬರೆದು ತೋರಿಸಿದೆ. ಹಿಂದಿನ ಸಂಜೆಯಷ್ಟೇ ನಾನು ಅದನ್ನು ಕಲಿತಿದ್ದೆ. ಮಕ್ಕಳು ನನ್ನನ್ನು ನೋಡಿದ ಗೌರವಕ್ಕೆ ನಾನು ಸ್ವಲ್ಪ ಉಬ್ಬಿದೆ, ಸುಳ್ಳು ಯಾಕೆ ಹೇಳಲಿ.

ಆ ನಲವತ್ತು ಮಂದಿಯಲ್ಲಿ ಮೂವತ್ತೊಂಬತ್ತು ಜನ ಈ ವಿಷಯಕ್ಕೆ ಬಂದದ್ದು ಪ್ರವಾಸೋದ್ಯಮ ಎಂಬ ಇನ್ನೊಂದು ವಿಷಯದಲ್ಲಿ ಜಾಗ ಸಿಗದೆ. ತಾನಾಗಿ ಕೇಳಿ ಬಂದವಳು ಒಬ್ಬಳೇ, ನಾವುಂದದ ರಕ್ಷಿತಾ. ಬಿ.ಕಾಂ. ಓದುವವಳು. ತಂದೆ ಬೋಟಿಗೆ ಹೋಗುತ್ತಾರೆ, ತಾಯಿ ಮೀನು ಮಾರುತ್ತಾರೆ. ಮಾತು ಕಡಿಮೆ. ಕೊನೆಯ ಬೆಂಚಿನಲ್ಲಿ ಕುಳಿತು, ನಾನು ಹೇಳಿದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದಳು. ಯಾಕೆ ಈ ವಿಷಯ ತೆಗೆದುಕೊಂಡೆ ಎಂದು ನಾನು ಕೇಳಿದಾಗ, ಸಣ್ಣವಳಿದ್ದಾಗಿಂದ ನಕ್ಷತ್ರಗಳನ್ನು ನೋಡುತ್ತಿದ್ದೇನೆ, ಅವುಗಳ ಹೆಸರು ತಿಳಿಯಬೇಕಿತ್ತು ಎಂದಿದ್ದಳು. ಅಷ್ಟೇ.

ಈಗ ವೈಟ್ನರಿನ ವಿಷಯಕ್ಕೆ ಬರಬೇಕು. ಬರುವ ಮೊದಲು ನಮ್ಮ ಕಡೆಯವರ ಒಂದು ಚಾಳಿ ಹೇಳದಿದ್ದರೆ ನಿಮಗೆ ನನ್ನ ಮೇಲೆ ಕನಿಕರ ಹುಟ್ಟಲಿಕ್ಕಿಲ್ಲ. ನಮಗೆ ಎಡ ಬಲ ಅಷ್ಟಾಗಿ ಬೇಡ. ಮೂಡು, ಪಡು, ತೆಂಕು, ಬಡಗು, ಅಂದರೆ ಪೂರ್ವ, ಪಶ್ಚಿಮ, ದಕ್ಷಿಣ, ಉತ್ತರ, ಇಷ್ಟು ಸಾಕು. ಅಡುಗೆಮನೆಯಲ್ಲಿ ಉಪ್ಪಿನ ಭರಣಿ ಇರುವುದು ತೆಂಕು ಬದಿಗೆ. ಬಸ್ಸಿನ ಸೀಟಿನಲ್ಲಿ ಪಕ್ಕದವರನ್ನು ಸರಿಯಲು ಹೇಳುವುದು ಬಡಗು ಬದಿಗೆ. ನನ್ನ ಅಜ್ಜಿ ಒಮ್ಮೆ ಹಲ್ಲಿನ ಡಾಕ್ಟರ ಹತ್ತಿರ ಹೋಗಿ, “ಮೂಡ್ ಬದಿ ಹಲ್ಲ್ ನೋಯತ್” ಎಂದಿದ್ದರು. ಡಾಕ್ಟರು ಘಟ್ಟದ ಮೇಲಿನವರು. ಕುರ್ಚಿಯನ್ನು ತಿರುಗಿಸಿ ದೀಪ ಹಾಕುವಷ್ಟರಲ್ಲಿ ಅಜ್ಜಿಯ ಹಲ್ಲು ಪಡುವಿಗೆ ಬಂದಿತ್ತು. ಅಜ್ಜಿ ಅದನ್ನೂ ಹೇಳಿದರು, ಡಾಕ್ಟರು ಎರಡು ಹಲ್ಲು ನೋಯುತ್ತಿವೆ ಎಂದು ಬರೆದುಕೊಂಡರು.

ಇಂಥ ವಂಶದಲ್ಲಿ ಹುಟ್ಟಿದ ನನಗೆ ಒಂದು ಸಂಗತಿ ಎದೆಹಾಲಿನ ಜೊತೆಗೇ ಬಂದಿದೆ. ಬಡಗು ಮೇಲೆ ಮಾಡಿ ಏನನ್ನೇ ಬರೆಯಿರಿ, ಕಡಲು ಎಡಕ್ಕೆ, ಘಟ್ಟ ಬಲಕ್ಕೆ. ಶಾಲೆಯ ಗೋಡೆಯ ನಕಾಶೆಯಲ್ಲಿ ಹಾಗೆ, ಬೈಂದೂರಿಗೆ ಹೋಗುವ ಬಸ್ಸಿನಲ್ಲಿ ಹಾಗೆ. ಉಡುಪರು ಪಾಪ, ಎಲ್ಲಿಂದಲೋ ಹುಡುಕಿ, ಜನವರಿ ಸಂಜೆಯ ಆಕಾಶದ ಒಂದು ನಕ್ಷೆ ತಂದುಕೊಟ್ಟರು. ದುಂಡನೆಯ ನಕ್ಷೆ, ಒಳಗೆ ನಕ್ಷತ್ರಗಳ ಚುಕ್ಕಿ, ಸುತ್ತ ನಾಲ್ಕು ದಿಕ್ಕು. ಇದನ್ನು ಹಾಗೆಯೇ ಜೆರಾಕ್ಸ್ ಮಾಡಿಸಿ ಎಂದು ಹೇಳಿ ಕ್ಲಾಸಿಗೆ ಓಡಿದರು. ನಾನು ನೋಡುತ್ತೇನೆ, ಬಡಗು ಮೇಲೆ ಸರಿಯಾಗಿದೆ, ತೆಂಕು ಕೆಳಗೆ ಸರಿಯಾಗಿದೆ, ಎಡಗಡೆಗೆ ಪೂರ್ವ ಎಂದು ಬರೆದಿದೆ, ಬಲಗಡೆಗೆ ಪಶ್ಚಿಮ! ಅಯ್ಯೋ ದೇವರೆ, ಅಚ್ಚಿನ ತಪ್ಪು, ವಿಜ್ಞಾನದವರು ಇಷ್ಟು ಬೇಜವಾಬ್ದಾರಿಯೇ ಎಂದುಕೊಂಡೆ. ಉಡುಪರಿಗೆ ಹೇಳಿ ಅವರನ್ನು ನಾಚಿಸುವುದು ಬೇಡ ಎಂಬ ದೊಡ್ಡತನವೂ ಬಂತು. ಡ್ರಾಯರಿನಿಂದ ವೈಟ್ನರ್ ತೆಗೆದು, ಎರಡೂ ಅಕ್ಷರಗಳ ಮೇಲೆ ಬಳಿದು, ಊದಿ ಒಣಗಿಸಿ, ನನ್ನ ಮುದ್ದಾದ ಅಕ್ಷರದಲ್ಲಿ ಅದಲು ಬದಲು ಮಾಡಿ ಬರೆದು ಜೆರಾಕ್ಸಿಗೆ ಕಳಿಸಿದೆ.

ಆಕಾಶದ ನಕ್ಷೆ ನೆಲದ ನಕ್ಷೆಯ ಹಾಗಲ್ಲ, ಅದನ್ನು ಮೇಜಿನ ಮೇಲೆ ಹರಡಿ ನೋಡುವುದಲ್ಲ, ತಲೆಯ ಮೇಲೆ ಎತ್ತಿ ಹಿಡಿದು ಕೆಳಗಿನಿಂದ ನೋಡುವುದು ಎಂಬುದು ಪುಸ್ತಕದ ಮುಂದಿನ ಪಾಠದಲ್ಲಿತ್ತು. ನಾನು ಒಂದೇ ಪಾಠ ಮುಂದೆ ಇದ್ದೆ ಎಂದೆನಲ್ಲ, ಆ ಪಾಠಕ್ಕಿನ್ನೂ ಬಂದಿರಲಿಲ್ಲ.

ವಾರದ ಬಳಿಕ ಮೊದಲ ಟೆಸ್ಟ್ ಮಾಡಿದೆ. ಸಂಜೆ ಏಳು ಗಂಟೆಯ ಆಕಾಶ ಬರೆದು, ಬಡಗು ಮೇಲೆ ಬರುವಂತೆ ನಾಲ್ಕು ದಿಕ್ಕು ಗುರುತಿಸಿ ಎಂಬುದು ಹತ್ತು ಅಂಕದ ಪ್ರಶ್ನೆ. ಮೂವತ್ತೊಂಬತ್ತು ಮಂದಿ ನನ್ನ ನಕ್ಷೆಯನ್ನು ಬಾಯಿಪಾಠ ಮಾಡಿ ಹಾಗೆಯೇ ಬರೆದಿದ್ದರು. ರಕ್ಷಿತಾ ಮಾತ್ರ ಮೂಡನ್ನು ಎಡಕ್ಕೆ, ಪಡುವನ್ನು ಬಲಕ್ಕೆ ಬರೆದಿದ್ದಳು. ಪಡುವಿನ ಕಡೆ ಅಲೆಗಳ ಎರಡು ಗೆರೆ ಎಳೆದು ‘ಕಡಲು’ ಎಂದೂ ಬರೆದಿದ್ದಳು, ಅದೂ ಬಲಕ್ಕೆ! ನನಗೆ ಸಿಟ್ಟು ಬರುವುದು ಬೇಗ, ಕೆಂಪು ಪೆನ್ನು ಕೈಯಲ್ಲಿದ್ದರೆ ಇನ್ನೂ ಬೇಗ. ಸೊನ್ನೆ ಹಾಕಿದೆ. ಹಾಕಿ, ಕೆಳಗೆ ‘ಮನೆಗೆ ಹೋಗಿ ಸಮುದ್ರ ಎಲ್ಲಿದೆ ನೋಡಿಕೊಂಡು ಬಾ’ ಎಂದು ಬರೆದೆ. ಅಷ್ಟಕ್ಕೇ ಬಿಡಬಹುದಿತ್ತು. ಬಿಡಲಿಲ್ಲ. ಉತ್ತರಪತ್ರಿಕೆ ಕೊಡುವಾಗ ಅದನ್ನು ಗಟ್ಟಿಯಾಗಿ ಓದಿ ಹೇಳಿದೆ. ಕಡಲ ದಂಡೆಯ ಹುಡುಗಿಗೆ ಕಡಲು ಯಾವ ದಿಕ್ಕಿಗಿದೆ ಎಂದು ಗೊತ್ತಿಲ್ಲವಂತೆ ಎಂದು ಇಡೀ ತರಗತಿ ನಕ್ಕಿತು, ನಾನೂ ನಕ್ಕೆ. ಅವಳು ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಪುಸ್ತಕದೊಳಗೆ ಇಟ್ಟುಕೊಂಡಳು.

ಮೂರು ದಿನ ಬಿಟ್ಟು ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತಳು. ಕೈಯಲ್ಲಿ ಒಂದು ಅರ್ಜಿ ಇತ್ತು. ಮೊದಲ ಟೆಸ್ಟ್ ಆದ ಮೇಲೆ ಒಂದು ವಾರದ ಒಳಗೆ ವಿಷಯ ಬದಲಿಸಲು ನಮ್ಮಲ್ಲಿ ಅವಕಾಶವಿದೆ. ಪ್ರವಾಸೋದ್ಯಮದಲ್ಲಿ ಒಂದು ಜಾಗ ಖಾಲಿಯಾಗಿತ್ತು, ಅದಕ್ಕೆ ಹೋಗಲು ನನ್ನ ಸಹಿ ಬೇಕಿತ್ತು.

“ಕಂಡ್ಕಂಡ್ ಬಂದೆ ಮೇಡಂ,” ಎಂದಳು. “ಕಡ್ಲ್ ಅಲ್ಲೇ ಇತ್ತ್.”

ನೋಡಿಕೊಂಡು ಬಂದು ಒಪ್ಪಿಕೊಂಡಳಲ್ಲ ಎಂದು ನನಗೆ ಖುಷಿಯಾಯಿತು. ಒಂದು ಸೊನ್ನೆಗೆ ಯಾರಾದರೂ ವಿಷಯ ಬಿಡುತ್ತಾರೆಯೇ, ಮುಂದಿನ ಟೆಸ್ಟಿನಲ್ಲಿ ಸರಿಮಾಡಿಕೊಳ್ಳಬಹುದು ಎಂದು ಸಮಾಧಾನ ಹೇಳಿದೆ. ಅವಳು ನೆಲ ನೋಡುತ್ತ ನಿಂತಿದ್ದವಳು ಮೆಲ್ಲಗೆ, “ದಿನಾ ಕಾಂಬ ಆಕಾಶವೇ ನಂಗೆ ಸಮಾ ಕಾಂತಿಲ್ಲೆ ಅಂದ್ರೆ, ಇದ್ ನನ್ನಂತೋರಿಗಲ್ಲ ಮೇಡಂ,” ಎಂದಳು.

ಆ ಮಾತು ನನಗೆ ಎಲ್ಲೋ ಚುಚ್ಚಿತು. ತಾನಾಗಿ ಬಂದ ಒಬ್ಬಳೇ ಒಬ್ಬಳು, ಅವಳೇ ಹೋಗುತ್ತೇನೆ ಎನ್ನುತ್ತಿದ್ದಾಳೆ. ಹೋದರೆ ಹೋಗಲಿ ಎನ್ನಲು ಮನಸ್ಸು ಬರಲಿಲ್ಲ. ಶನಿವಾರ ಸಂಜೆ ಇಡೀ ತರಗತಿಯನ್ನು ನಕ್ಷತ್ರ ನೋಡಲು ಮರವಂತೆಗೆ ಕರೆದುಕೊಂಡು ಹೋಗುವುದೆಂದು ಆಗಲೇ ಗೊತ್ತಾಗಿತ್ತು. ಸೋಮವಾರ ಅರ್ಜಿ ಕೊಡಲು ಕೊನೆಯ ದಿನ. ಶನಿವಾರ ಅರ್ಜಿ ಹಿಡಿದುಕೊಂಡು ಅಲ್ಲಿಗೆ ಬಾ, ನಕ್ಷತ್ರ ನೋಡಿದ ಮೇಲೂ ಹೀಗೇ ಅನ್ನಿಸಿದರೆ ಅಲ್ಲೇ ಸಹಿ ಹಾಕಿ ಕೊಡುತ್ತೇನೆ ಎಂದೆ. ಅವಳು ತಲೆಯಾಡಿಸಿ ಹೋದಳು.

ಮರವಂತೆ ನಿಮಗೆ ಗೊತ್ತಲ್ಲ. ರಸ್ತೆಯ ಪಡುವಿಗೆ ಕಡಲು, ಮೂಡಿಗೆ ಸೌಪರ್ಣಿಕಾ ಹೊಳೆ, ಹೊಳೆಯಾಚೆ ತೆಂಗು, ಅದರಾಚೆ ಘಟ್ಟದ ಸಾಲು. ಏಳು ಗಂಟೆಗೆ ನಾವೆಲ್ಲ ಮರಳಿನ ಮೇಲೆ ಸೇರಿದೆವು. ಮೋಡವಿಲ್ಲ, ಚಂದ್ರನಿಲ್ಲ. ಎಲ್ಲರ ಕೈಯಲ್ಲೂ ನನ್ನ ಮುದ್ದಾದ ಅಕ್ಷರದ ನಕ್ಷೆ. ಮೊದಲು ಮೃಗಶಿರಾ ಹುಡುಕಿ, ಸಾಲಾಗಿ ಇರುವ ಮೂರು ನಕ್ಷತ್ರ, ಕುರುಡರೂ ಗುರುತಿಸಬಹುದು ಎಂದೆ. ನನ್ನ ನಕ್ಷೆಯ ಪ್ರಕಾರ ಅದು ಪಡುವಿಗೆ, ಕಡಲ ಮೇಲೆ ಇರಬೇಕಿತ್ತು. ನಲವತ್ತು ಮಂದಿ ಕಡಲಿಗೆ ಮುಖ ಮಾಡಿ ನಿಂತೆವು. ಐದು ನಿಮಿಷವಾಯಿತು, ಹತ್ತಾಯಿತು. ನಾನು ಉಪ್ಪುಗಾಳಿಯ ಮಬ್ಬು ಎಂದೆ. ರಸ್ತೆಯ ದೀಪದ ತೊಂದರೆ ಎಂದೆ. ಮಕ್ಕಳು ನನ್ನ ಮುಖ ನೋಡತೊಡಗಿದರು, ನನಗೆ ಸೆರಗಿನೊಳಗೆ ಬೆವರು.

ಆಗ ತರಗತಿಯ ವಂಡ್ಸೆ ಊರಿನ ಹುಡುಗರು ಸಿಕ್ಕಿತು ಎಂದು ಕೈ ತೋರಿಸಿದರು. ದೂರದಲ್ಲಿ, ಕಡಲು ಮುಗಿಯುವಲ್ಲಿ, ಸಾಲಾಗಿ ಮೂರು ಬೆಳಕು. ಅಬ್ಬ, ಮಾನ ಉಳಿಯಿತು! ನೋಡಿ, ಅದೇ ಮೃಗಶಿರಾ, ಎಷ್ಟು ಸ್ಪಷ್ಟವಾಗಿ ಕಾಣುತ್ತಿದೆ, ಅಲ್ಲಿಂದ ಹೊರಟ ಬೆಳಕು ನಮ್ಮನ್ನು ಮುಟ್ಟಲು ನೂರಾರು ವರ್ಷ ಬೇಕು ಎಂದು ನಾನು ಕೈಯೆತ್ತಿ ಭಾಷಣ ಶುರು ಮಾಡಿದೆ. ಭಾಷಣ ವಿಜಯನಗರದವರೆಗೂ ಹೋಗಿರಬೇಕು, ಅಷ್ಟರಲ್ಲಿ ಹಿಂದಿನಿಂದ ರಕ್ಷಿತಾಳ ದನಿ ಕೇಳಿತು.

“ಅದ್ ಬೋಟಿನ್ ಲೈಟ್ ಮೇಡಂ. ಮೀನಿಗೆ ಹೋದ್ ಬೋಟ್.”

ಯಾರೂ ನಗಲಿಲ್ಲ. ನಕ್ಕಿದ್ದರೆ ನನಗೆ ಸುಲಭವಾಗುತ್ತಿತ್ತು. ಮೂರರಲ್ಲಿ ಒಂದು ಬೆಳಕು ನಾವು ನೋಡುತ್ತಿದ್ದಂತೆಯೇ ತೆಂಕಿಗೆ ಹೊರಟಿತು. ರಕ್ಷಿತಾ ಇನ್ನೂ ಮೆಲ್ಲಗೆ, “ಮೂರ್ ನಕ್ಷತ್ರ ಹಿಂದ್ ಇತ್ತ್. ಹೊಳಿ ಬದಿ ತಿರ್ಗಿ ಕಾಣಿ,” ಎಂದಳು.

ತಿರುಗಿದೆವು. ಹೊಳೆಯ ಮೇಲೆ, ತೆಂಗಿನ ತಲೆಗಳಿಂದ ಎಷ್ಟೋ ಎತ್ತರದಲ್ಲಿ, ಮೂರು ನಕ್ಷತ್ರ ಒಂದರ ಮೇಲೊಂದು ನೆಟ್ಟಗೆ ನಿಂತಿದ್ದವು. ಅಷ್ಟು ಹೊತ್ತೂ ನಮ್ಮ ಬೆನ್ನ ಹಿಂದೆಯೇ ಇದ್ದವು. ಅದು ಹೇಗೆ ಅಲ್ಲಿಗೆ ಹೋಯಿತು ಎಂದು ನಾನು ಕೇಳಿದೆ, ನಕ್ಷತ್ರವೇ ತಪ್ಪು ಮಾಡಿದ ಹಾಗೆ. ರಕ್ಷಿತಾ ಚೀಲದಿಂದ ಅರ್ಜಿ ತೆಗೆದಳು, ಅದಕ್ಕೆ ಪಿನ್ ಮಾಡಿದ್ದ ಸೊನ್ನೆಯ ಪತ್ರಿಕೆಯನ್ನು ಬಿಡಿಸಿದಳು. “ನಿಮ್ ಕಾಗ್ದದಲ್ ಬೇರೆ ಇದ್ದಿತ್,” ಎಂದಳು, “ಆಕಾಶದಲ್ ಹಾಂಗ್ ಇರ್ಲಿಲ್ಲೆ. ನಿಂತ್ಕಂಡಲ್ಲ ಮೇಡಂ, ಮನಿಕಂಡ್ ಕಾಣ್ಕ್.”

ಮನಿಕಂಡ್ ಅಂದರೆ ಮಲಗಿಕೊಂಡು. ಅವಳು ಟೆಸ್ಟಿನ ಹಿಂದಿನ ಸಂಜೆ ಮನೆಯ ತಾರಸಿಯಲ್ಲಿ ಅಂಗಾತ ಮಲಗಿ, ಕಂಡದ್ದನ್ನು ಕಂಡ ಹಾಗೆ ಬರೆದುಕೊಂಡಿದ್ದಳು. ನಾನು ಬೈದ ಮೇಲೆ ಮೂರು ಸಂಜೆ ಮತ್ತೆ ಮಲಗಿ ನೋಡಿದ್ದಳು. ಮೂರು ಸಂಜೆಯೂ ಅವಳಿಗೆ ಕಡಲು ಕಂಡದ್ದು ಅವಳು ಬರೆದಲ್ಲೇ. ನನ್ನ ಮುಂದೆ ನಿಂತು ‘ಅಲ್ಲೇ ಇತ್ತ್’, ಅಂದರೆ ಅಲ್ಲೇ ಇದೆ, ಎಂದದ್ದು ಅದನ್ನೇ. ಆದರೆ ಮೇಡಂ ತಪ್ಪು ಎಂದಿದ್ದಾರೆ, ಜೆರಾಕ್ಸಿನಲ್ಲೂ ಬೇರೆ ಇದೆ, ಹಾಗಾದರೆ ತಪ್ಪಿರುವುದು ತನ್ನ ಕಣ್ಣೇ ಇರಬೇಕು ಎಂದುಕೊಂಡು ಅರ್ಜಿ ಬರೆದಿದ್ದಳು. ಇದನ್ನೆಲ್ಲ ಅವಳು ದೂರಿನಂತೆ ಹೇಳಲಿಲ್ಲ, ನಾನು ಒಂದೊಂದಾಗಿ ಕೇಳಿದ್ದಕ್ಕೆ ಉತ್ತರ ಕೊಟ್ಟಳು. ನನಗೆ ಮರಳಿನೊಳಗೆ ಇಳಿದು ಹೋಗಬೇಕು ಅನ್ನಿಸಿತು.

ಇಳಿದು ಹೋಗಲಾಗದಿದ್ದರೂ ಮಲಗಬಹುದಿತ್ತು. ಐವತ್ತೆರಡು ವರ್ಷದ ನಾನು, ಇಸ್ತ್ರಿ ಮಾಡಿದ ಕಾಟನ್ ಸೀರೆಯಲ್ಲಿ, ಮರಳಿನ ಮೇಲೆ ಕುಳಿತು ಮೆಲ್ಲಗೆ ಹಿಂದಕ್ಕೆ ವಾಲಿದೆ. ನಕ್ಷೆಯಲ್ಲಿ ಬಡಗು ಮೇಲಿದೆ, ಹಾಗಾಗಿ ತಲೆ ಬಡಗಿಗೆ ಇರಬೇಕು ಎಂದು ಲೆಕ್ಕ ಹಾಕಿ ಹಾಗೆ ಕುಳಿತಿದ್ದೆ. ತಲೆ ಇನ್ನೂ ಮರಳಿಗೆ ತಾಗಿರಲಿಲ್ಲ, ಸ್ವಾತಿ ಓಡಿಬಂದು ಭುಜ ಹಿಡಿದಳು. “ಬಡ್ಗ್ ತಲಿ ಹಾಕಿ ಮನಿಕಂಬುಕಾಗ ಮೇಡಂ, ಒಳ್ಳೇದಲ್ಲ ಅಂಬ್ರ್,” ಎಂದಳು. ಸುತ್ತಲಿದ್ದ ಎಲ್ಲರೂ ಹೌದು ಹೌದು ಎಂದರು. ಬಡಗಿಗೆ ತಲೆ ಹಾಕಿ ಮಲಗಬಾರದೆಂದು ನಮ್ಮ ಕಡೆ ಮಾತು ಕಲಿಯುವ ಮೊದಲೇ ಕಲಿಸಿರುತ್ತಾರೆ. ನಾನು ಹದಿನೈದು ದಿನದ ಹಿಂದಷ್ಟೇ ಗ್ರಹಣದ ಪಾಠದಲ್ಲಿ ಮೂಢನಂಬಿಕೆಗಳ ಬಗ್ಗೆ ಮುಕ್ಕಾಲು ಗಂಟೆ ಗುಡುಗಿದ್ದೆ. ಆ ಮುಕ್ಕಾಲು ಗಂಟೆ ನನಗೆ ಚೆನ್ನಾಗಿ ನೆನಪಿತ್ತು. ಆದರೂ, ನಿಮ್ಮ ಹತ್ತಿರ ಮುಚ್ಚಿಡುವುದೇನು, ನನ್ನ ತಲೆ ತಾನಾಗಿಯೇ ಎದ್ದು ಕುಳಿತಿತ್ತು. ಹಾಗಾದರೆ ಆಕಾಶ ನೋಡುವುದು ಹೇಗೆ ಎಂದು ಕೇಳಿದೆ.

“ತಲಿ ತಿರ್ಗ್ಸುದ್ ಬ್ಯಾಡ ಮೇಡಂ,” ಎಂದಳು ರಕ್ಷಿತಾ. “ಕಾಗ್ದ ತಿರ್ಗ್ಸಿರೆ ಆಯ್ತ್.”

ಅವಳೂ ತಾರಸಿಯಲ್ಲಿ ತೆಂಕಿಗೇ ತಲೆ ಹಾಕಿ ಮಲಗಿದ್ದಳಂತೆ, ಅವಳಮ್ಮ ಬೇರೆ ರೀತಿ ಬಿಡುವವರಲ್ಲ. ಹಾಗೆ ಬರೆದು, ಬಡಗು ಮೇಲೆ ಇರಲಿ ಎಂದು ನಾನು ಹೇಳಿದ್ದಕ್ಕಾಗಿ ಕಾಗದವನ್ನು ತಿರುಗಿಸಿ ನೋಡಿ ನೆನಪಿಟ್ಟುಕೊಂಡು ಟೆಸ್ಟಿನಲ್ಲಿ ಬರೆದಿದ್ದಳು. ನಾನು ತೆಂಕಿಗೆ ತಲೆ ಹಾಕಿ ಮಲಗಿದೆ. ಅವಳ ಸೊನ್ನೆಯ ಪತ್ರಿಕೆಯನ್ನು ತಲೆಕೆಳಗು ಮಾಡಿ ಮುಖದ ಮೇಲೆ ಎತ್ತಿ ಹಿಡಿದೆ. ಸ್ವಾತಿ ಮೊಬೈಲಿನ ಬೆಳಕು ಬಿಟ್ಟಳು. ಕಾಗದದಲ್ಲಿ ಕಡಲು ಎಡಕ್ಕೆ ಬಂತು, ನನ್ನ ಎಡಗೈ ಬದಿಗೆ ಕಡಲು ಮೊರೆಯುತ್ತಿತ್ತು. ಮೂಡು ಬಲಕ್ಕೆ ಬಂತು, ಬಲಗೈ ಬದಿಗೆ ಹೊಳೆ. ನೆತ್ತಿಯ ಮೇಲೆ ಕೃತ್ತಿಕೆ, ಅಲ್ಲಿಂದ ಹೊಳೆಯ ಕಡೆಗೆ ರೋಹಿಣಿ, ಆಮೇಲೆ ಆ ಮೂರು. ಅವಳು ಇಟ್ಟ ಒಂದು ಚುಕ್ಕಿಯೂ ಆಚೀಚೆ ಆಗಿರಲಿಲ್ಲ. ನಮ್ಮ ರೋಹಿಣಿ ಕೂಡ ಅಷ್ಟರಲ್ಲಿ ಪಕ್ಕದಲ್ಲಿ ಮಲಗಿದ್ದಳು, ತನ್ನ ನಕ್ಷತ್ರ ಸ್ವಲ್ಪ ಕೆಂಪಗಿದೆ ಎಂದು ಬೇಸರ ಮಾಡಿಕೊಂಡಳು. ಒಬ್ಬೊಬ್ಬರಾಗಿ ಇಡೀ ತರಗತಿ ತೆಂಕಿಗೆ ತಲೆ ಹಾಕಿ ಮಲಗಿತು.

ಹೇಳಬೇಕಾದ್ದನ್ನು ಎದ್ದು ನಿಂತೇ ಹೇಳಬೇಕು ಎಂದು ಎದ್ದೆ. ಸೀರೆಯ ಮರಳು ಕೊಡವಿಕೊಂಡು, ತರಗತಿಯಲ್ಲಿ ಓದಿದಷ್ಟೇ ಗಟ್ಟಿಯಾಗಿ, ಅಚ್ಚಾದ ನಕ್ಷೆ ಸರಿಯಿತ್ತು, ಅದಕ್ಕೆ ವೈಟ್ನರ್ ಹಚ್ಚಿ ಕೆಡಿಸಿದವಳು ನಾನು, ನಲವತ್ತು ಮಂದಿಯಲ್ಲಿ ಆಕಾಶ ನೋಡಿ ಬರೆದವಳು ರಕ್ಷಿತಾ ಒಬ್ಬಳೇ ಎಂದೆ. ಆಮೇಲೆ ಮಲಗಿದಲ್ಲಿಂದಲೇ ನಗು ಎದ್ದಿತು, ಈ ಸಲ ನನ್ನ ಮೇಲೆ. ನ್ಯಾಯವಾದ ನಗು. ಹಾಗಾದರೆ ನಮ್ಮ ಹತ್ತು ಅಂಕ ಹೋಯಿತಾ ಎಂದು ವಂಡ್ಸೆಯ ಹುಡುಗರು ಗಾಬರಿಯಾದರು. ತಪ್ಪು ನನ್ನದು, ಅಂಕ ನಿಮ್ಮದೇ ಎಂದ ಮೇಲೆ ಪುನಃ ಮಲಗಿದರು. ರಕ್ಷಿತಾ ಮಾತ್ರ ನಗಲಿಲ್ಲ. ಅರ್ಜಿ ಹಿಡಿದುಕೊಂಡು ನಿಂತಿದ್ದಳು, ಅದನ್ನು ಈಗ ಕೊಡಬೇಕೋ ಬೇಡವೋ ತಿಳಿಯದವಳ ಹಾಗೆ.

ನಾನು ಚೀಲದಿಂದ ಪೆನ್ನು ತೆಗೆದೆ. ಸಹಿ ಹಾಕುತ್ತೇನೆ ಎಂದು ಮಾತು ಕೊಟ್ಟಿದ್ದೆ. ಅರ್ಜಿಯನ್ನು ಮುಂದೆ ಚಾಚಿದಳು, ನಾನು ಅದನ್ನು ಪಕ್ಕಕ್ಕೆ ಸರಿಸಿ, ಮರಳಿನ ಮೇಲೆ ಕುಳಿತು, ಸೊನ್ನೆಯ ಪತ್ರಿಕೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಸೊನ್ನೆಯ ಎಡಕ್ಕೆ ಒಂದು ಗೆರೆ ಎಳೆದೆ, ಹತ್ತಾಯಿತು. ಕೆಳಗೆ ‘ಮನೆಗೆ ಹೋಗಿ ಸಮುದ್ರ ಎಲ್ಲಿದೆ ನೋಡಿಕೊಂಡು ಬಾ’ ಎಂಬ ಸಾಲು ಹಾಗೇ ಇತ್ತು. ವೈಟ್ನರ್ ಚೀಲದಲ್ಲೇ ಇತ್ತು, ಆದರೆ ಅದನ್ನು ಹೊರಗೆ ತೆಗೆಯಲು ಧೈರ್ಯ ಬರಲಿಲ್ಲ. ಆ ಸಾಲಿನ ಅಡಿಯಲ್ಲೇ, ಅದೇ ಕೆಂಪು ಶಾಯಿಯಲ್ಲಿ, ‘ನೋಡಿಕೊಂಡು ಬಂದೆ. ನೀನು ಬರೆದಲ್ಲೇ ಇದೆ’ ಎಂದು ಬರೆದು ಸಹಿ ಹಾಕಿದೆ.